ಸರ್ವರಿನೊಳಗಿನ ಗಡಿ ಬದಲಾವಣೆ ಕುರಿತು

ಮುಳಬಾಗಿಲಿನ ತಾಲ್ಲೂಕು ದಾಖಲೆ ಸುಭದ್ರತಾ ಘಟಕದ ಸರ್ವರಿನಲ್ಲಿ ಜಾಗ ಮುಗಿದಿದೆ ಎಂದು ಸಾರ್ವಜನಿಕರಿಗೆ ತಿಳಿಯಪಡಿಸಲಾಯಿತು. ಆ ಪ್ರಕಟಣೆಯನ್ನು ಟೈಪು ಮಾಡಿ ಉಳಿಸಲೂ ಜಾಗವಿರಲಿಲ್ಲವಾದ್ದರಿಂದ ನಾನೇ ಕೈಯಲ್ಲಿ ಬರೆದು ಬಾಗಿಲಿಗೆ ಅಂಟಿಸಿದೆ. ನಾನು ಘಟಕದ ದ್ವಿತೀಯ ದರ್ಜೆ ಸಹಾಯಕ. ನನ್ನ ಅಕ್ಷರ ಚೆನ್ನಾಗಿದೆ.

ಅಂದೇ ಖುರ್ಷೀದ್ ಬೇಗಂ ಎಂಬವರು ಮಗಳು ಮಹೆಕ್‌ಳನ್ನು ಕರೆದುಕೊಂಡು ಅವಳ ಜನನ ಪ್ರಮಾಣಪತ್ರಕ್ಕೆ ಬಂದರು. ಹುಡುಗಿಗೆ ಹದಿನೆಂಟು. ಕೋಲಾರದಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು, ಶನಿವಾರದೊಳಗೆ ಪತ್ರ ಕೊಡಬೇಕಿತ್ತು.

"ಅರ್ಜಿ ತಗೊಳ್ಳೋಕೆ ಜಾಗ ಇಲ್ಲಮ್ಮ," ಎಂದರು ನಮ್ಮ ಮುಖ್ಯಸ್ಥರಾದ ಕೋದಂಡರಾಮಪ್ಪನವರು.

"ಒಂದೇ ಹಾಳೆ ಸಾರ್."

"ಒಂದು ಹಾಳೆಗೂ ಇಲ್ಲ."

ವೇಮಗಲ್‌ನಿಂದ ಕಂಪ್ಯೂಟರ್ ರಿಪೇರಿಯ ನರೇಶ್ ಬಂದು ನೋಡಿದರು. ಡಿಸ್ಕನ್ನು ಎರಡು ಭಾಗ ಮಾಡಿದ್ದಾರೆ, ಅರ್ಜಿಗಳ ಭಾಗ ತುಂಬಿದೆ, ಪಕ್ಕದ ಜನನ ದಾಖಲೆಗಳ ಭಾಗದಲ್ಲಿ ಅರ್ಧಕ್ಕರ್ಧ ಖಾಲಿ ಇದೆ ಎಂದರು.

"ಮೊದಲು ಜನನದ ದಾಖಲೆ ಎಲ್ಲಾ ಒಂದು ಕಡೆಗೆ ಒತ್ತರಿಸ್ಬೇಕು ಸಾರ್. ಆಮೇಲೇ ನಡುವಿನ ಗಡಿ ಸರಿಸೋದು. ಅದಕ್ಕೂ ಮುಂಚೆ ಎಲ್ಲದಕ್ಕೂ ಒಂದು ನಕಲು ತೆಗೆದಿಟ್ಕೊಳ್ಳೋಣ."

"ನಕಲಿಗೆ ಅರ್ಜಿ ಹಾಕಿ."

"ಅರ್ಜಿಗೆ ಜಾಗ ಇಲ್ವಲ್ಲ ಸಾರ್?"

"ಹಂಗಾದ್ರೆ ನಕಲೂ ಇಲ್ಲ."

ಕೋದಂಡರಾಮಪ್ಪನವರು ಇಪ್ಪತ್ತೆರಡು ವರ್ಷ ಜಮೀನು ಅಳೆದು ಬಂದವರು. ಗಡಿ ಎಂದ ಮೇಲೆ ಮಹಜರು ಬೇಕು, ಎರಡೂ ಕಡೆಯವರ ಒಪ್ಪಿಗೆ ಬೇಕು, ಕಲ್ಲು ಬೇಕು. ಅರ್ಜಿಗಳ ಪರವಾಗಿ ನಾನೂ ಹುಟ್ಟಿದವರ ಪರವಾಗಿ ಜನನ ದಾಖಲೆ ನೋಡಿಕೊಳ್ಳುವ ಅನಸೂಯಮ್ಮನವರೂ ಸಹಿ ಹಾಕಿದೆವು. ಗಡಿಕಲ್ಲು ಶಿವಾರಪಟ್ಟಣದಿಂದ ಬಂತು. ಕೆತ್ತಿದವರು ದೇವರನ್ನೇ ಕೆತ್ತಿ ಅಭ್ಯಾಸವಾದವರಾದ್ದರಿಂದ ಕಲ್ಲಿಗೆ ಕಿರೀಟವಿತ್ತು.

ಬುಧವಾರ ಹನ್ನೊಂದೂವರೆಗೆ ಮುಹೂರ್ತ. ಹನ್ನೆರಡಕ್ಕೆ ರಾಹುಕಾಲ.

"ದಾಖಲೆ ಇನ್ನೂ ಸರೀತಾ ಇದೆ ಸಾರ್, ಒಂದು ಗಂಟೆ ತಡೀರಿ," ಎಂದರು ನರೇಶ್.

"ಕಲ್ಲು ನೆಟ್ಟ ಮೇಲೇ ಒಳಗಿರೋರು ಸರಿಯೋದು ಕಣಪ್ಪ. ನಾನು ಅಷ್ಟೂ ವರ್ಷ ಹಂಗೇ ಮಾಡಿದೀನಿ. ಒತ್ತು."

"ದೇವುಡಾ," ಎಂದು ನರೇಶ್ ಗುಂಡಿ ಒತ್ತಿದರು. ಕಲ್ಲನ್ನು ಸರ್ವರಿನ ನೆತ್ತಿಯ ಮೇಲೆ ಕೂರಿಸಿ ಕಾಯಿ ಒಡೆಯಲಾಯಿತು. ಅರ್ಜಿಗಳ ಜಾಗ ದುಪ್ಪಟ್ಟಾಯಿತು. ಸಂತೋಷಕ್ಕೆ ನನ್ನ ಕಣ್ಣು ತುಂಬಿ ಬಂತು.

ಮೊದಲ ಅರ್ಜಿ ಮಹೆಕ್‌ಳದೇ. ಎರಡೇ ನಿಮಿಷದಲ್ಲಿ ಪ್ರಮಾಣಪತ್ರ ಹೊರಬಂತು. ಜನ್ಮ ದಿನಾಂಕ: ೧ ಜನವರಿ ೧೯೭೦.

"ಗಡಿಯಾಚೆ ಸಿಕ್ಕಿಬಿದ್ದ ದಾಖಲೆ ಎಲ್ಲಾ ಹೋಯ್ತು," ಎಂದರು ನರೇಶ್. "ಈ ಮೆಷಿನ್ನು ದಿನ ಎಣಿಸೋಕೆ ಶುರು ಮಾಡೋದು ಆ ತಾರೀಖಿಂದ. ಗೊತ್ತಿಲ್ದಿದ್ರೆ ಅದನ್ನೇ ಕೊಡುತ್ತೆ."

ಹೋಗಿದ್ದು ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಹುಟ್ಟಿದವರದು ಮಾತ್ರ. ೧೯೮೦ರಲ್ಲಿ ಹುಟ್ಟಿದ ಖುರ್ಷೀದ್ ಬೇಗಂ ಸುರಕ್ಷಿತವಾಗಿದ್ದರು.

"ನನ್ನ ಮಗಳಿಗೆ ಐವತ್ತಾರಾ ಸಾರ್? ನಾನೇ ಹೆತ್ತಿದ್ದಲ್ವಾ?"

"ಹೆತ್ತಿದ್ದಕ್ಕೆ ದಾಖಲೆ ಇದೆಯೇನಮ್ಮಾ?"

ತಿದ್ದುಪಡಿಗೆ ತೊಂಬತ್ತು ದಿನ. ಶನಿವಾರ ಕಾಲೇಜಿನವರು ಪತ್ರ ನೋಡಿ, ಎದ್ದು ನಿಂತು, ಮಹೆಕ್‌ಗೆ ಕುರ್ಚಿ ಕೊಟ್ಟರು. ಮೂವತ್ತೈದು ದಾಟಿದವರಿಗೆ ಸೀಟಿಲ್ಲವೆಂದು ಗೌರವದಿಂದಲೇ ಹೇಳಿ ಕಳಿಸಿದರು. ಹುಡುಗಿ ಬಸ್ಸಿನಲ್ಲಿ ಮುಳಬಾಗಿಲಿನವರೆಗೂ ಅತ್ತಳಂತೆ.

ಸೋಮವಾರ ನಾನು ಹೊಸ ಪ್ರಕಟಣೆ ಅಂಟಿಸಿದೆ: ತಾಲ್ಲೂಕಿನ ಯುವಜನರೆಲ್ಲರೂ ಇನ್ನು ಮುಂದೆ ಜನವರಿ ಒಂದರಂದು ಹುಟ್ಟಿದವರು. ಆಕ್ಷೇಪಣೆ ಯಾರಿಂದಲೂ ಬರಲಿಲ್ಲ. ಒಬ್ಬಿಬ್ಬರು ಕೇಕು ಕೂಡ ತಂದರು.

ತಾಯಿ ಮಗಳು ಮತ್ತೆ ಬಂದಾಗ ಕೋದಂಡರಾಮಪ್ಪನವರ ಮನಸ್ಸು ಕರಗಿತು. "ನಾಲ್ಕೇ ವರ್ಷ ಕಣಮ್ಮ. ಅರವತ್ತಾದ್ರೆ ವೃದ್ಧಾಪ್ಯ ಪಿಂಚಣಿ. ಈಗಲೇ ಅರ್ಜಿ ಹಾಕಿ, ಜಾಗ ಬೇಕಾದಷ್ಟಿದೆ."

ಅರ್ಜಿಯ ಕೊನೆಯಲ್ಲಿ ಮನೆಯ ಹಿರಿಯರ ಸಹಿ ಬೇಕಿತ್ತು. ನಾನು ಹಾಳೆಯನ್ನು ಖುರ್ಷೀದ್ ಬೇಗಂ ಅವರ ಮುಂದಿಟ್ಟೆ. ಅವರು ಓದಿದರು, ಚೀಲದಿಂದ ಪೆನ್ನು ತೆಗೆದರು, ಹಾಳೆಯನ್ನು ಪಕ್ಕಕ್ಕೆ ಸರಿಸಿದರು.

"ನೀನೇ ಹಾಕು ಬೇಟಾ. ಮನೆಗೆ ದೊಡ್ಡೋಳು ನೀನೇ."

ಮಹೆಕ್ ಅವರು ಸಹಿ ಹಾಕಿದರು.