ನನ್ನ ಮೂಗು, ಅವ್ವನ ಕೊರೊನಾ

ಗುಂಡ್ಲುಪೇಟೆಯಿಂದ ಕೇರಳಕ್ಕೆ ತರಕಾರಿ ವ್ಯಾನ್ ಓಡಿಸುವವನಿಗೆ ಇಂಥ ಫಜೀತಿಗಳು ಆಗುತ್ತಲೇ ಇರುತ್ತವೆ. ಕೊರೊನಾ ಕಾಲದಲ್ಲಿ ಮಾತ್ರ ಒಂದರ ಹಿಂದೆ ಒಂದು ಬಿಡುವಿಲ್ಲದೆ ಆದವು. ಈಗ ಹೇಳಿದರೆ ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಗಲಿ. ನನಗಂತೂ ಇವತ್ತಿಗೂ ಮೈ ಉರಿಯುತ್ತದೆ.

ಆಗ ನನ್ನ ತಂಗಿ ತುಂಬಿದ ಬಸುರಿ. ಅವಳ ಗಂಡನಿಗೆ ಗಡಿಯ ಆಚೆ, ವಯನಾಡಿನಲ್ಲಿ ಕೆಲಸ. ಹೆರಿಗೆಗೆ ಮಗಳನ್ನು ತವರಿಗೆ ಕರೆತರುವುದು ನಮ್ಮ ಪದ್ಧತಿ. ಆದರೆ ಆ ಹೊಟ್ಟೆ ಹೊತ್ತವಳನ್ನು ಚೆಕ್‌ಪೋಸ್ಟಿನ ಬಿಸಿಲಲ್ಲಿ ಕಾಯಿಸುವವರು ಯಾರು? ಅದಕ್ಕೆ ನಮ್ಮೂರು ಹಂಗಳದಿಂದ ಅವ್ವನೇ ಹೊರಟಳು. ಹೆರಿಗೆಯ ಹೊತ್ತಿಗೆ ಮಗಳ ಪಕ್ಕದಲ್ಲಿರಬೇಕು, ಅವಳಿಗೆ ಬೇಕಾಗಿದ್ದು ಅಷ್ಟೇ. ಗಡಿ ದಾಟಲು ಎಪ್ಪತ್ತೆರಡು ಗಂಟೆಯೊಳಗಿನ ಟೆಸ್ಟ್ ರಿಪೋರ್ಟ್ ಇರಬೇಕು ಎನ್ನುವುದು ಆಗಿನ ರೂಲ್ಸು.

೧. ಹಳಸಿದ ರಿಪೋರ್ಟು

ಚಾಮರಾಜನಗರದ ಒಂದು ಲ್ಯಾಬಿನಲ್ಲಿ ಸೋಮವಾರ ಬೆಳಿಗ್ಗೆ ಅವ್ವ, ನಾನು ಇಬ್ಬರೂ ಗಂಟಲು ಕೊಟ್ಟು ಬಂದೆವು. ಗುರುವಾರ ಮಧ್ಯಾಹ್ನ ಮೊಬೈಲಿಗೆ ರಿಪೋರ್ಟ್ ಬಂತು. ಇಬ್ಬರದೂ ನೆಗೆಟಿವ್. ಹುರುಳಿಕಾಯಿ ಲೋಡು ಹಾಕಿಕೊಂಡು, ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಡಿಗೆ ಓಡಿದೆ.

ಅಲ್ಲಿದ್ದ ಅಧಿಕಾರಿಗೆ ಕನ್ನಡ ಬರುತ್ತಿತ್ತು. ಬೆರಳು ಮಡಿಸಿ ಎಣಿಸಿದ. "ಟೈಮ್ ಮುಗಿದಿದೆ. ವಾಪಸ್ ಹೋಗಿ."

"ಸಾರ್, ರಿಪೋರ್ಟ್ ಬಂದು ಎರಡು ಗಂಟೆ ಆಗಿದೆ ಅಷ್ಟೇ."

"ಬಂದದ್ದು ಲೆಕ್ಕ ಇಲ್ಲ. ಸ್ಯಾಂಪಲ್ ಕೊಟ್ಟದ್ದು ಲೆಕ್ಕ."

ಅವ್ವ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಈ ಉಳ್ಳಿಕಾಯಿ ಕುಯ್ದೂ ಮೂರು ದಿನ ಆಯ್ತು ಕಣಪ್ಪ. ಇದನ್ನ ಬುಟ್ಟಿಯಾ?"

"ತರಕಾರಿಗೆ ಟೆಸ್ಟ್ ಇಲ್ಲ ಅಮ್ಮಾ."

ರಿಪೋರ್ಟ್ ಸರಿಯಿದ್ದ ಇನ್ನೊಬ್ಬ ಡ್ರೈವರ್ ನಮ್ಮ ಲೋಡನ್ನು ತನ್ನ ಗಾಡಿಗೆ ಹಾಕಿಕೊಂಡ. ಹುರುಳಿಕಾಯಿ ಕೇರಳಕ್ಕೆ ಹೋಯಿತು, ಅವ್ವ ಹಂಗಳಕ್ಕೆ ವಾಪಸ್ಸಾದಳು.

೨. ಒಂದು ಮೂಗು, ಎರಡು ಕಡ್ಡಿ

ಇನ್ನೊಂದು ಕ್ಯಾಂಪಿನಲ್ಲಿ ಒಂದೇ ದಿನಕ್ಕೆ ರಿಪೋರ್ಟ್ ಕೊಡುತ್ತಾರೆ ಎಂದು ಯಾರೋ ಹೇಳಿದರು. ಮತ್ತೆ ಹೋದೆವು. ಅಲ್ಲಿದ್ದವನು ಕಡ್ಡಿ ಹಿಡಿದು, ಅವ್ವನ ಬಾಯಿ ತೆರೆಸಿ, ಹೌಹಾರಿದ. ಬಾಯೆಲ್ಲ ಕೆಂಪು.

"ಏನಮ್ಮ ಇದು, ರಕ್ತವಾ?"

"ಎಲೆಅಡಿಕೆ ಕಣಪ್ಪ. ಯಾರೋ ಬಾಯೊಳೀಕೆ ನೋಡ್ತಾರೆ ಅಂದ್ರಲ್ಲ, ವಾಸ್ನೆ ಬರಬಾರ್ದು ಅಂತ ಆಕ್ಕಂಡು ಬಂದೆ."

ಸರಿ, ಮೂಗಿನಲ್ಲಿ ತೆಗೆಯುತ್ತೇನೆ ಎಂದು ಅವನು ಕಡ್ಡಿ ಎತ್ತಿದ. ಅವ್ವ ಅವನ ಕೈಗೆ ಪಟಾರನೆ ಒಂದು ಹೊಡೆದಳು. ಅವನು ಗಡಿಯಾರ ನೋಡಿದ. ದಿನಕ್ಕೆ ಇಷ್ಟು ಕಡ್ಡಿ ಎಂದು ಅವನಿಗೆ ಟಾರ್ಗೆಟ್ಟಂತೆ, ಸ್ಯಾಂಪಲ್ ಡಬ್ಬ ಒಯ್ಯುವ ಗಾಡಿ ಹೊರಟು ನಿಂತಿತ್ತು. ನನ್ನ ಕಡೆ ತಿರುಗಿದ. "ನೀವು ಮಗ ತಾನೆ? ಒಂದೇ ಮನೆ, ಒಂದೇ ಗಾಳಿ. ಬನ್ನಿ, ಎರಡೂ ನಿಮ್ಮ ಮೂಗಲ್ಲೇ ತಗೋತೀನಿ."

ನಾನು ಒಪ್ಪಿದೆ. ತಪ್ಪು ನನ್ನದೂ ಇದೆ, ಇಲ್ಲ ಅನ್ನುವುದಿಲ್ಲ. ತಂಗಿಗೆ ದಿನ ತುಂಬುತ್ತಿತ್ತು, ತಲೆ ಓಡಲಿಲ್ಲ. ಎಡ ಹೊಳ್ಳೆಯ ಕಡ್ಡಿಗೆ ನನ್ನ ಹೆಸರು ಬರೆದ, ಬಲ ಹೊಳ್ಳೆಯ ಕಡ್ಡಿಗೆ ಅವ್ವನ ಹೆಸರು.

ಮಾರನೆಯ ದಿನ ರಿಪೋರ್ಟ್ ಬಂತು. ನಾನು ನೆಗೆಟಿವ್, ಅವ್ವ ಪಾಸಿಟಿವ್. ಕೊರೊನಾ ನನ್ನ ಮೂಗಿನ ಒಂದು ಕಡೆ ಮಾತ್ರ ಬಾಡಿಗೆಗೆ ಇತ್ತೋ ಏನೋ.

೩. ಫೋನಿನಲ್ಲಿ ವಾಸನೆ

ಕ್ಯಾಂಪಿಗೆ ಹೋಗಿ ಅವನ ಮುಂದೆ ನಿಂತೆ. "ನನ್ನ ಕಡ್ಡಿಗೆ ನಮ್ಮವ್ವನಿಗೆ ಹೆಂಗ್ಲಾ ಬಂತು ಕಾಯ್ಲೆ?"

ಅವನು ಅತ್ತಿತ್ತ ನೋಡಿದ. "ಮೆಲ್ಲಗೆ ಮಾತಾಡಿ. ಬೇರೆಯವರ ಹೆಸರಲ್ಲಿ ಸ್ಯಾಂಪಲ್ ಕೊಟ್ಟಿದ್ದು ನೀವು. ಕೇಸ್ ಆದ್ರೆ ನಿಮ್ಮ ಮೇಲೇ ಆಗೋದು."

ಕೈ ಕಟ್ಟಿಕೊಂಡು ಹಿಂದಿರುಗಿದೆ. ರೋಗ ಇದ್ದರೆ ಇದ್ದದ್ದು ನನ್ನ ಮೂಗಲ್ಲಿ, ಬಾಗಿಲಿಗೆ ನೋಟಿಸ್ ಅಂಟಿಸಿ ಹದಿನಾಲ್ಕು ದಿನ ಕೂರಿಸಿದ್ದು ಅವ್ವನನ್ನು. ನೆಗೆಟಿವ್ ಆದ ನೀನು ಓಡಾಡಬಹುದು ಎಂದರು. ನನಗೇ ಹೆದರಿಕೆಯಾಗಿ ದನದ ಕೊಟ್ಟಿಗೆಯಲ್ಲಿ ಹಾಸಿಗೆ ಹಾಕಿಕೊಂಡೆ.

ಹತ್ತನೆಯ ದಿನ ತಂಗಿಗೆ ಹೆರಿಗೆಯಾಯಿತು. ಹೆಣ್ಣು ಮಗು. ಅವ್ವ ಫೋನಿನಲ್ಲಿ ನೋಡಿದಳು. ಮಗುವಿನ ತಲೆ ಸವರಲು ಹೋಗಿ ಬೆರಳು ತಾಗಿ ಕಾಲ್ ಕಟ್ ಆಯಿತು. ಆ ಕ್ಯಾಂಪಿನವನು ಎದುರಿಗೆ ಸಿಕ್ಕಿದ್ದರೆ ಏನು ಮಾಡುತ್ತಿದ್ದೆನೋ.

ಐದು ನಿಮಿಷಕ್ಕೆ ಅವನದೇ ಫೋನ್ ಬಂತು. ಪಾಸಿಟಿವ್ ಆದವರನ್ನು ದಿನಾ ವಿಚಾರಿಸುವ ಕೆಲಸವೂ ಅವನದೇ. "ಅಮ್ಮ, ವಾಸನೆ ಗೊತ್ತಾಗ್ತಿದೆಯಾ?"

"ನೀ ಮಾಡಿದ ಕೆಲ್ಸದ ವಾಸ್ನೆ ಅಂಗಳದ ಗಂಟ ಬತ್ತದೆ ಕಣಪ್ಪ. ಇಡು ಫೋನ."

೪. ಅವ್ವ ಹೇಳಿದ ಸುಳ್ಳು

ಹದಿನಾಲ್ಕು ದಿನ ಮುಗಿದ ಮೇಲೆ ಅವ್ವನಿಗೆ ಗುಣವಾಗಿದೆ ಎಂದು ಸರ್ಟಿಫಿಕೇಟ್ ಕೊಟ್ಟರು. ನಾನು ಮತ್ತೆ ಟೆಸ್ಟ್ ಮಾಡಿಸಿದೆ. ನೆಗೆಟಿವ್ ಎಂಬ ರಿಪೋರ್ಟ್ ಬರುವುದು ತಡವಾಯಿತು, ಗಡಿಯಲ್ಲಿ ಸಾಲು ಉದ್ದವಿತ್ತು. ನಮ್ಮ ಸರದಿ ಬಂದಾಗ ನನ್ನ ಎಪ್ಪತ್ತೆರಡು ಗಂಟೆ ಮುಗಿದು ಅರ್ಧ ಗಂಟೆಯಾಗಿತ್ತು. ಆಚೆ ಕಡೆ ತಂಗಿಯ ಗಂಡ ಜೀಪು ತಂದು ಕಾಯುತ್ತಿದ್ದ.

ಅದೇ ಅಧಿಕಾರಿ. ಅವ್ವನ ಸರ್ಟಿಫಿಕೇಟ್ ನೋಡಿ ಎದ್ದು ನಿಂತ. "ಒಂದು ಸಲ ಕೊರೊನಾ ಬಂದು ಹೋದವರಿಗೆ ಟೆಸ್ಟ್ ಬೇಡ. ಅಮ್ಮ ಹೋಗಬಹುದು." ನನ್ನ ಮೊಬೈಲ್ ನೋಡಿ ತಲೆ ಅಲ್ಲಾಡಿಸಿದ. "ನಿಮಗೆ ಕೊರೊನಾ ಬಂದಿಲ್ಲ, ರಿಪೋರ್ಟಿನ ಟೈಮೂ ಮುಗಿದಿದೆ. ನೀವು ವಾಪಸ್."

ಅವ್ವ ಎರಡು ಹೆಜ್ಜೆ ಹೋದವಳು ನಿಂತಳು. ತಿರುಗಿ ಬಂದಳು. "ಸ್ವಾಮಿ, ನಂಗೆ ಯಾವ ಕಾಯ್ಲೆನೂ ಬಂದಿಲ್ಲ. ಬಂದಿದ್ದು ಇವನ್ಗೆ. ಆ ಕಡ್ಡಿ ಇವನ ಮೂಗಿಂದು. ಇವನ್ನೂ ಬುಡಿ, ಸೋದರಮಾವ ಒಂದ್ಸಲ ಮಗೀನ ಮಕ ನೋಡ್ಕಂಡು ಬರ್ಲಿ."

ಇನ್ನೇನು, ಅವ್ವನ ಸರ್ಟಿಫಿಕೇಟೂ ಹೋಯಿತು, ಕೇಸೂ ಆಯಿತು. ಇಷ್ಟು ದಿನದ ಈ ಗೋಳಿನಲ್ಲಿ ಒಬ್ಬರು ಬಾಯಿಬಿಟ್ಟು ನಿಜ ಹೇಳಿದ್ದು ಅದೇ ಮೊದಲು.

ಅಧಿಕಾರಿ ಅವ್ವನನ್ನು ನೋಡಿದ, ನನ್ನನ್ನು ನೋಡಿದ, ಕಾಗದ ನೋಡಿದ. ಆಮೇಲೆ ಅವನ ಕಣ್ಣು ತೇವವಾಯಿತು. ಗೇಟು ತಾನೇ ಎತ್ತಿ ಅವ್ವನನ್ನು ದಾಟಿಸಿ, ನನ್ನ ಹತ್ತಿರ ಬಂದು ಹೇಳಿದ: "ನೋಡಿ, ಮಗನಿಗೋಸ್ಕರ ಈ ವಯಸ್ಸಲ್ಲಿ ಎಂಥ ಸುಳ್ಳು ಹೇಳ್ತಾರೆ. ಇಂಥ ತಾಯಿಗೆ ಕೊರೊನಾ ಬರೋ ಹಾಗೆ ಬಿಟ್ಟಿರಲ್ಲ, ನಿಮಗೆ ನಾಚಿಕೆ ಆಗಲ್ವಾ?"