ನನ್ನ ಭಾನುವಾರಗಳೂ ಸಮಾಜ ವಿಜ್ಞಾನದ ಮೇಷ್ಟ್ರೂ

ಒಲ್ಲೆ ಎನ್ನಲು ಬಾರದವನ ಪಕ್ಕಕ್ಕೇ ಉಪಕಾರ ಕೇಳುವವರು ಬಂದು ಕೂರುತ್ತಾರೆ. ನನಗಂತೂ ಸ್ಟಾಫ್ ರೂಮಿನಲ್ಲೂ ಹಾಗೆ, ಬಸ್ಸಿನಲ್ಲೂ ಹಾಗೆ. ದಿನಾ ಕೂಡ್ಲಿಗಿಯಿಂದ ಕೊಟ್ಟೂರು ಕಡೆಯ ಹೈಸ್ಕೂಲಿಗೆ ಹೋಗಿ ಕನ್ನಡ ಪಾಠ ಹೇಳುವವನು ನಾನು. ಎರಡೂ ಕಡೆ ಪಕ್ಕದ ಸೀಟು ಸಮಾಜ ವಿಜ್ಞಾನದ ಮೇಷ್ಟ್ರದು. ಹತ್ತನೇ ತರಗತಿಗೆ ಭಾನುವಾರ ವಿಶೇಷ ತರಗತಿ. ನಾವಿಬ್ಬರೂ ಸರದಿ ಪ್ರಕಾರ ಹೋಗಬೇಕು. ನನಗೆ ಓದಲು ಸಿಗುವುದು ಭಾನುವಾರವೊಂದೇ. ಅವರಿಗೆ ಬೇಕಾದದ್ದೂ ಅದೇ.

ಹೊಗಳಿಕೆ

“ನಿಮ್ಮ ವ್ಯಾಕರಣ ಪಾಠ ಅಂದ್ರ ಹುಡುಗ್ರು ಜೀವ ಬಿಡ್ತಾರ್ರೀ ಸರ್. ಈ ಭಾನುವಾರ ನನ್ನ ಬದಲಿ ನೀವೇ ಹೋಗ್ರಿ, ಅವರೇ ಕೇಳ್ಯಾರ.”

ಉಬ್ಬಿಹೋದೆ. ಸಾಲಾಗಿ ಭಾನುವಾರಗಳನ್ನು ಕೊಟ್ಟೆ. ಒಮ್ಮೆ ನನಗೆ ಜ್ವರ ಬಂತು. ಅವರು ದೈಹಿಕ ಶಿಕ್ಷಣದ ಮೇಷ್ಟ್ರನ್ನು ಹಿಡಿದರಂತೆ. ಸೋಮವಾರ ಆತ ನಾಚುತ್ತ ನನ್ನ ಬಳಿ ಬಂದ: “ಸರ್, ನನ್ನ ವ್ಯಾಕರಣ ಅಷ್ಟು ಚಲೋ ಐತೇನ್ರಿ?”

ಉಪವಾಸ

ಮುಂದಿನ ಸಲ ಧೈರ್ಯ ಮಾಡಿ ಆಗುವುದಿಲ್ಲ ಎಂದೆ. ಮರುದಿನ ಬಸ್ಸಿನಲ್ಲಿ ಕ್ಷೀಣ ದನಿಯಲ್ಲಿ, “ನೀವು ಒಲ್ಲೆ ಅಂದಾಗಿಂದ ಅನ್ನ ಗಂಟಲಾಗ ಇಳಿವಲ್ದ್ರಿ” ಎಂದರು. ಪಾಪ ಎನಿಸಿತು. ಒಪ್ಪಿಕೊಳ್ಳೋಣವೆಂದು ಸಂಜೆ ಹುಡುಕಿಕೊಂಡು ಹೋದರೆ, ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮುಂದಿಟ್ಟುಕೊಂಡಿದ್ದರು. ಚೂರೂ ಅಳುಕಲಿಲ್ಲ. “ಅನ್ನ ಇಳಿವಲ್ದು ಅಂದಿದ್ನಲ್ರಿ. ಅದಕ್ಕ ಇದಾದ್ರೂ ಇಳಿತೈತೇನಂತ ನೋಡಾಕತ್ತೀನಿ.”

ಸ್ಟಾಫಿನ ಸಿಟ್ಟು

“ಸ್ಟಾಫಿನವರೆಲ್ಲ ನಿಮ್ಮ ಮ್ಯಾಲೆ ಸಿಟ್ಟಾಗ್ಯಾರ. ಹೊಂದ್ಕೊಂಡು ಹೋಗಲ್ಲ ಅಂತಾರ.”

“ಯಾರ್ರಿ?”

“ಹೆಸರು ಬ್ಯಾಡ ಬಿಡ್ರಿ, ನಾನು ಸಂಭಾಳಿಸ್ತೀನಿ. ಈ ಭಾನುವಾರ ಒಂದು ನೋಡ್ಕೊಳ್ರಿ, ಎಲ್ಲಾ ತಣ್ಣಗಾಗ್ತೈತಿ.”

ಸ್ಟಾಫ್ ರೂಮಿನಲ್ಲಿ ಎದ್ದು ನಿಂತು ಮಾತಾಡಿದವನಲ್ಲ ನಾನು. ಅಂದು ನಿಂತು, “ತಪ್ಪಾಗಿದ್ರ ಕ್ಷಮಿಸ್ರಿ” ಎಂದೆ. ಎಲ್ಲರೂ ಮುಖ ಮುಖ ನೋಡಿಕೊಂಡರು. ಹಿಂದಿ ಮೇಡಂ ಮೆಲ್ಲಗೆ ಬಾಯಿ ಬಿಟ್ಟರು: “ಅಯ್ಯ, ನೀವೇ ನಮ್ಮ ಮ್ಯಾಲೆ ಸಿಟ್ಟಾಗೀರಿ ಅಂದ್ರು ಸಮಾಜ ವಿಜ್ಞಾನದ ಸರ್! ಅದನ್ನ ಇಳಿಸ್ತೀನಿ ಅಂತ್ಹೇಳಿ ಅವರ ಪೇಪರೆಲ್ಲ ನನ್ನ ಕಡೆ ತಿದ್ದಿಸಿದ್ರಲ್ರೀ!”

ಮಾತು ಬಿಟ್ಟದ್ದು

ಆಗ ನನಗೆ ಪೂರ್ತಿ ಕಣ್ಣು ತೆರೆಯಿತು. ಇನ್ನು ಅವರವರ ಸರದಿ ಅವರವರದು ಎಂದುಬಿಟ್ಟೆ. ಆಮೇಲೆ ಬಸ್ಸಿನಲ್ಲಿ ಪಕ್ಕದ ಸೀಟು ಶಾಂತವಾಯಿತು. ಹೋಗುತ್ತ ಬರುತ್ತ ಒಂದು ದಪ್ಪ ಪುಸ್ತಕ ಮುಗಿಸಿದೆ. ಅವರ ಸರದಿಗೆ ಅವರೇ ಹೋಗುತ್ತಿದ್ದರು. ಮನುಷ್ಯ ಬದಲಾದನಲ್ಲ ಎಂದು ಒಳಗೊಳಗೇ ಮೆಚ್ಚಿಕೊಂಡೆ.

ಒಂದು ಬೆಳಿಗ್ಗೆ ನಾನು ಓದುತ್ತಿದ್ದ ಪುಟದ ಮೇಲೆ ಅವರ ಕೈ ಬಿತ್ತು.

“ಸರ್, ನಾನು ನಿಮ್ಮ ಜೊತಿ ಮಾತು ಬಿಟ್ಟು ತಿಂಗಳಾತು. ಗೊತ್ತೈತೇನ್ರಿ?”

“ಹೌದೇನ್ರಿ?” ನಿಜಕ್ಕೂ ಗೊತ್ತಿರಲಿಲ್ಲ.

“ನೀವಾಗೇ ಮಾತಾಡಿಸ್ತೀರಿ ಅಂತ ಕಾದು ಕಾದು ಸಾಕಾತ್ರಿ. ಮಾತು ಬಿಟ್ಟಮ್ಯಾಲೆ, ನನ್ನ ಬದಲಿ ಹೋಗ್ರಿ ಅಂತ ಹೆಂಗ ಕೇಳ್ಲಿ? ನನ್ನ ಕ್ಲಾಸೆಲ್ಲ ನಾನಽ ತಗಳ್ಳಂಗಾತು. ನಾಳಿಂದ ಮಾತಾಡ್ತೀನಿ ನೋಡ್ರಿ ಮತ್ತ.”

“ಅವಸರ ಏನಿಲ್ರಿ ಸರ್” ಎಂದು ಮೆಲ್ಲಗೆ ಅವರ ಕೈ ಸರಿಸಿ ಪುಟ ತಿರುಗಿಸಿದೆ.