ಹಿತ್ತಿಲಿನಿಂದ ಹೊರಟ ಸುರಂಗ, ಫೋಲ್ಡರಿನಿಂದ ಹೊರಟ ಹಾಲು

ಎಲ್ಲಿಂದ ಹೊರಡಬೇಕೆಂದು ಹೇಳದೆ ದಾರಿ ತೋರಿಸುವವರಿಂದ ನನಗೆ ಬಿಡುಗಡೆಯಿಲ್ಲ. ಕೆ.ಆರ್. ಪೇಟೆಯಲ್ಲಿದ್ದಾಗ ಅಜ್ಜಿ ಹಿತ್ತಿಲ ಗುಂಡಿಯೊಂದನ್ನು ತೋರಿಸಿ, "ನಮ್ಮ ಇತ್ಲಿಂದ ಶ್ರೀರಂಗಪಟ್ಣದ ಕ್ವಾಟೆಗೆ ಸುರಂಗ ಐತೆ ಕಣವ್ವ" ಎನ್ನುತ್ತಿದ್ದರು. ಪಾಂಡವಪುರಕ್ಕೆ ಮನೆ ಬದಲಿಸಿದ ಮೇಲೂ ನೆಂಟರಿಗೆ, "ನಮ್ಮ ಇತ್ಲಿಂದ..." ಎಂದೇ ಆರಂಭಿಸಿದರು. ಸುರಂಗವೂ ಸಾಮಾನಿನ ಲಾರಿಯಲ್ಲಿ ಬಂದಿತೇ ಎಂದು ಕೇಳಿದೆ. ಉತ್ತರವಾಗಿ ತಲೆಗೊಂದು ಮೊಟಕು ಬಿತ್ತು.

೧. ಪೂರ್ತಿ ವಿಳಾಸ

ಈಗ ನಾನು ಖಾಸಗಿ ಡೇರಿಯೊಂದರಲ್ಲಿ ಅಂಕಿಅಂಶಗಳನ್ನು ವಿಶ್ಲೇಷಿಸುತ್ತೇನೆ. ನಾಗಮಂಗಲದ ಸಭೆಯಲ್ಲಿ ನನ್ನ ಪ್ರೋಗ್ರಾಮನ್ನು ಅಲ್ಲಿನ ಕಂಪ್ಯೂಟರಿನಲ್ಲಿ ಓಡಿಸಿದಾಗ ಪರದೆಯ ತುಂಬ ಕೆಂಪಕ್ಷರ ಮೂಡಿತು. ಫೈಲು ಹುಡುಕಲು ನನ್ನ ಲ್ಯಾಪ್‌ಟಾಪಿನ ಪೂರ್ತಿ ವಿಳಾಸವನ್ನೇ ಬರೆದಿದ್ದೆ; ಅಂಥ ವಿಳಾಸ ಇಲ್ಲಿಲ್ಲವೆಂಬುದು ಅದರ ದೂರು: 'ಯೂಸರ್ಸ್, ಗುಂಡಮ್ಮಿ, ಡೆಸ್ಕ್‌ಟಾಪ್, ಹಾಲು, ಕೊನೇದು, ಇದೇ ಕೊನೇದು'. ಮನೆಯಲ್ಲಿ ನನ್ನನ್ನು ಕರೆಯುವ ಗುಂಡಮ್ಮಿ ಎಂಬ ಹೆಸರನ್ನೇ ಲ್ಯಾಪ್‌ಟಾಪಿಗೂ ಇಟ್ಟವನು ತಮ್ಮ.

ವ್ಯವಸ್ಥಾಪಕಿ ಗಂಭೀರವಾಗಿ ಕೇಳಿದರು: "ಈ ಗುಂಡಮ್ಮಿ ಅವರು ಯಾವಾಗ ಬರ್ತಾರೆ?"

೨. ಇಲ್ಲಿಂದ

ನಾಚಿಕೆಯಿಂದ ಎಲ್ಲ ವಿಳಾಸಗಳನ್ನೂ ತಿದ್ದಿದೆ. ಪ್ರೋಗ್ರಾಮು ತಾನಿರುವ ಫೋಲ್ಡರಿನಿಂದಲೇ ಹೊರಟು, ಪಕ್ಕದ 'ಡೇಟಾ' ಫೋಲ್ಡರಿನಲ್ಲಿರುವ 'ಹಾಲು' ಎಂಬ ಫೈಲನ್ನು ಓದಬೇಕು. ಯಾರ ಕಂಪ್ಯೂಟರಾದರೂ ಸರಿ. ಈ ಕುರಿತು ಸಹೋದ್ಯೋಗಿಗಳಿಗೆ ಉಪನ್ಯಾಸವನ್ನೂ ಕೊಟ್ಟೆ.

ಮುಂದಿನ ಸಭೆ, ದೇವಲಾಪುರದ ಹಾಲಿನ ಕೇಂದ್ರಕ್ಕೆ ಕೂಲರ್ ಕೊಡಬೇಕೇ ಎಂಬುದನ್ನು ತೀರ್ಮಾನಿಸಲು. ಹಾಲನ್ನು ತಣ್ಣಗಿಡುವ ಆ ಯಂತ್ರವಿಲ್ಲದೆ ಅವರು ಸಂಜೆಯ ಹಾಲು ಕೊಳ್ಳುವಂತಿಲ್ಲ. ಶ್ರೀರಂಗಪಟ್ಟಣದ ಸಹೋದ್ಯೋಗಿ ತನ್ನ ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಮು ಓಡಿಸಿದ. ನಾನು ಪ್ರೋಗ್ರಾಮಿನಲ್ಲೇ ಬರೆದಿಟ್ಟಿದ್ದ 'ದೇವಲಾಪುರ' ಎಂಬ ಶೀರ್ಷಿಕೆಯಡಿ ಸಂಜೆಯ ಹಾಲಿನ ಗೆರೆ ಛಾವಣಿಯತ್ತ ಎದ್ದಿತು.

"ಕೂಲರ್ ಇಲ್ಲದೇನೇ ಸಂಜೆ ಹಾಲು ಇಷ್ಟೊಂದು ಬರ್ತಿದೆಯಲ್ಲ, ಇನ್ನು ಕೂಲರ್ ಯಾಕೆ?" ಎಂದು ವ್ಯವಸ್ಥಾಪಕಿ ಕಡತ ಮುಚ್ಚಿದರು.

ಕೇಂದ್ರ ನಡೆಸುವ ಹಿರಿಯರು ಎದ್ದು ನಿಂತರು. "ಸಂಜೆ ಆಲ್ಗೆ ನಾವು ಮನೇಲೇ ಎಪ್ಪಾಕ್ತೀವಿ. ನಿನ್ ಪರದೆ ಮ್ಯಾಲೆ ಅದೆಂಗವ್ವ ಬಂದ್ಬುಡ್ತು?"

"ದಾರಿ ಸರಿಯಾಗಿಯೇ ಇದೆ" ಎಂದು ವಾದಿಸಿದೆ.

ಸಹೋದ್ಯೋಗಿ ಪಿಸುಗುಟ್ಟಿದ: "ದಾರಿ ನಿಮ್ದೇ ಅಕ್ಕ. ಪ್ರೋಗ್ರಾಮ್ ಮಾತ್ರ ನನ್ನ ಫೋಲ್ಡರಿಗೆ ಹಾಕ್ಕೊಂಡೆ. ಅಲ್ಲಿರೋ 'ಹಾಲು' ಫೈಲು ಚಿನಕುರಳಿ ಕೇಂದ್ರದ್ದು."

ನನಗೆ ಸುರಂಗವೊಂದು ಬೇಕಾಗಿದ್ದರೆ ಅದು ಆ ಕ್ಷಣದಲ್ಲಿ. ಸರಿಯಾದ ಫೋಲ್ಡರಿನಿಂದ ಓಡಿಸಿದಾಗ ಸಂಜೆಯ ಗೆರೆ ನೆಲ ಹಿಡಿಯಿತು, ಕೂಲರ್ ಮಂಜೂರಾಯಿತು. ಹಿರಿಯರು ಹೊರಡುವಾಗ ಸಮಾಧಾನ ಹೇಳಿದರು: "ಓಗ್ಲಿ ಬುಡು ಗುಂಡಮ್ಮಿ."

೩. ಪರಿಶೀಲನೆ

ಇತ್ತೀಚೆಗೆ ಕೆ.ಆರ್. ಪೇಟೆಯ ಆ ಮನೆಗೆ ಹೋಗಿ, ಈಗಿರುವವರ ಅಪ್ಪಣೆ ಪಡೆದು, ಹಿತ್ತಿಲ ಗುಂಡಿಗೆ ಟಾರ್ಚು ಬಿಟ್ಟು ನೋಡಿದೆ. ಅದು ಹಿಂದೆ ರಾಗಿ ತುಂಬಿಡುತ್ತಿದ್ದ ಹಗೇವು. ಸುತ್ತಲೂ ಮಣ್ಣಿನ ಗೋಡೆ, ಯಾವ ಕಡೆಗೂ ದಾರಿಯಿಲ್ಲ. ಮರಳಿ ಬಂದು ಪಾಂಡವಪುರದ ಹಿತ್ತಿಲನ್ನೂ ಪರಿಶೀಲಿಸಿದೆ. ಅಜ್ಜಿಯೂ ದಾರಿಯನ್ನಷ್ಟೇ ನಕಲು ಮಾಡಿಕೊಂಡು ಬಂದಿದ್ದರು: ಇಲ್ಲಿ ಬಟ್ಟೆ ಒಗೆಯುವ ಕಲ್ಲಿದೆ, ಗುಂಡಿಯೇ ಇಲ್ಲ.